ಯಾರೂ ಉಣ್ಣದ ತೋಟ

ಮೇ 4, ಭಾನುವಾರ

ಬಟ್ಟೆ ಡ್ರೈಯರಿಗೆ ಹಾಕಿದ್ದಾಯಿತು. ಕೇದಾರನಿಗೆ ಗಂಜಿ, ಮಾತ್ರೆ. ಅರ್ಧ ಲೋಟ ಕುಡಿದ, ಅರ್ಧ ಸಿಂಕಿಗೆ. ಅತ್ತೆಗೆ ಮಾತ್ರ ಪೂರ್ತಿ ಕುಡಿದ ಅಂದೆ. ಹುಬ್ಬಳ್ಳಿಯಿಂದ ಬಂದಾಗಿನಿಂದ ಅವರ ಲೆಕ್ಕದಲ್ಲಿ ಮಗನಿಗೆ ಗ್ಯಾಸ್ಟ್ರಿಕ್ಕು. ಡಾಕ್ಟರು ಹೇಳಿದ್ದು ಕ್ಯಾನ್ಸರ್, ಇನ್ನು ಕೆಲವೇ ವಾರ. ಅವ್ವನಿಗೆ ಹೇಳಕೂಡದು ಅಂತ ಆಣೆ ಹಾಕಿಸಿಕೊಂಡಿದ್ದಾನೆ. ಆಣೆ ಅವನದು, ಸುಳ್ಳು ನನ್ನದು.

ಮೇ 6, ಮಧ್ಯಾಹ್ನ

ಅತ್ತೆ ದಿನವಿಡೀ ಸೋಫಾ ಮೇಲೆ. ಎದುರಿಗೆ ಆ ಫ್ರೆಂಚ್ ಚಿತ್ರ. ಅಮೆರಿಕಕ್ಕೆ ಬಂದು ಯೂನಿಯನ್ ಸಿಟಿಯ ಈ ಮನೆ ಕೊಂಡಾಗ ಕೇದಾರ ಮ್ಯೂಸಿಯಮ್ಮಿನಿಂದ ತಂದ ಪ್ರಿಂಟು. ತೋಟ, ಹುಲ್ಲಿನ ಮೇಲೆ ತುಂಡು ತುಂಡು ಬಿಸಿಲು, ಟೋಪಿಯ ಗಂಡಸರು, ಉದ್ದ ಗೌನಿನ ಹೆಂಗಸರು. ಯಾರ ಮನೆ ಅಂತ ಕೇಳಿದರು. ಏನೋ ಪಾರ್ಟಿ ಇರಬೇಕು ಅಂದೆ.

"ಪಾರ್ಟಿ ಅಲ್ಲ ಬಿಡು. ಯಾರ ಮುಂದೂ ತಾಟಿಲ್ಲ. ಒಬ್ಬರ ಮಾರಿ ಒಬ್ಬರು ನೋಡವಲ್ರು. ಒಳಗ ಹೆಣ ಐತಿ, ಅದಕ್ಕ ಹೊರಗ ಕುಂತಾರ."

ಮೈ ಉರಿಯಿತು. ಅವರದು ಊಟ ಆಗಿದೆ ಅಂತ ರೇಗಿಬಿಟ್ಟೆ. ಆಮೇಲೆ ನಾನೂ ನೋಡಿದೆ. ಹಾಳು ಚಿತ್ರ... ಒಬ್ಬರೂ ನಗುತ್ತಿಲ್ಲ. ಇಷ್ಟು ವರ್ಷ ಕಂಡೇ ಇರಲಿಲ್ಲ.

ಮೇ 10

ಮಂಚ ಹಾಲಿಗೆ ತಂದೆವು. ಹಾಸ್ಪಿಸ್ ನರ್ಸು ಬಂದಿದ್ದಳು. ಇನ್ನು ಗುಣವಾಗದವರನ್ನು ನೋಡಿಕೊಳ್ಳುವವಳು. ನೋವಿಗೆ ಮಾರ್ಫಿನ್ ಶುರು. ಅತ್ತೆಗೆ ಗ್ಯಾಸಿನ ಔಷಧಿ ಅಂದೆ. ನನ್ನ ಬಾಯಲ್ಲಿ ಹುಳ ಬೀಳಲಿ.

ಚಿತ್ರ ಇಳಿಸಲು ಹೋದೆ. ಕೇದಾರ ಮಲಗಿದಲ್ಲಿಂದಲೇ ಬೇಡ ಅಂದ. ಬಿಸಿಲು ಕಾಣುತ್ತದಂತೆ, ಇರಲಂತೆ.

ಮೇ 18, ಭಾನುವಾರ, ಸಂಜೆ

ಕನ್ನಡ ಕೂಟದವರು ಬಂದಿದ್ದರು. ಒಳಗೆ ಇಬ್ಬರಿಗಿಂತ ಹೆಚ್ಚು ಬೇಡ ಅಂದಿದ್ದಾಳೆ ನರ್ಸು. ಉಳಿದವರಿಗೆ ಬ್ಯಾಕ್‌ಯಾರ್ಡಿನಲ್ಲಿ ಕುರ್ಚಿ ಹಾಕಿದೆ. ಒಳ್ಳೇ ಬಿಸಿಲು. ನಿಂಬೆಗಿಡದ ಕೆಳಗೆ ಗೆಳತಿ ದೀಪಾಲಿ, ಪಕ್ಕದಲ್ಲಿ ಅವಳ ಗಂಡ ಚೆಲುವರಾಜು, ಇನ್ನಷ್ಟು ಜನ. ಎಲ್ಲರೂ ಹುಲ್ಲು ನೋಡುತ್ತ ಕೂತರು. ಏನೂ ಬೇಡ ಅಂದಿದ್ದರು. ನನಗೆ ಬುದ್ಧಿ ಎಲ್ಲಿತ್ತೋ — ಒಂದು ಲೋಟ ನೀರೂ ಕೊಡಲಿಲ್ಲ.

ತಿರುಗಿದರೆ ಗಾಜಿನ ಬಾಗಿಲಲ್ಲಿ ಅತ್ತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹೊರಗೆ ನೋಡಿದರು. ನನ್ನನ್ನು ನೋಡಿದರು. ಅಳಲಿಲ್ಲ. ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಎಲ್ಲಾರಿಗೂ ಉಪ್ಪಿಟ್ಟು ಮಾಡು. ಚಾ ಇಡು. ನನ್ನ ಮಗಾ ಇನ್ನಾ ಅದಾನ."

ಮಾಡಿದೆ. ರವೆ ಸೀದಿತು. ಅತ್ತೆ ಒಬ್ಬೊಬ್ಬರ ಎದುರೂ ನಿಂತು ತಿನ್ನಿಸಿದರು. ದೀಪಾಲಿ ಅಳುತ್ತಲೇ ತಿಂದಳು. ಕೇದಾರನ ತುಟಿಗೂ ಒಂದು ಚಮಚ ಚಹಾ ತಾಗಿಸಿದರು. ಅಮ್ಮ ಮಗ ಒಬ್ಬರನ್ನೊಬ್ಬರು ನೋಡಿದರು. ಇನ್ನು ಸುಳ್ಳು ಹೇಳಬೇಕಾಗಿಲ್ಲ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ.

ಮೇ 23

ಒಲೆ ಹಚ್ಚಿಲ್ಲ. ದೀಪಾಲಿ ಮನೆಯಿಂದ ಅನ್ನ ಬಂದಿದೆ, ಮುಚ್ಚಿಟ್ಟ ಹಾಗೇ ಇದೆ. ಹೊರಗೆ ಅದೇ ಕುರ್ಚಿಗಳು, ಅದೇ ಜನ. ಇವತ್ತು ಅತ್ತೆ ಯಾರಿಗೂ ಏನೂ ಕೊಡು ಅನ್ನಲಿಲ್ಲ. ಹೋಗಿ ಸೋಫಾ ಮೇಲೆ ಅವರ ಪಕ್ಕದಲ್ಲಿ ಕೂತೆ. ಅವರು ಚಿತ್ರ ನೋಡುತ್ತಿರಲಿಲ್ಲ, ಹೊರಗಿನ ಕುರ್ಚಿಗಳನ್ನೇ ನೋಡುತ್ತಿದ್ದರು.