ಎಂಟನೇ ತರಗತಿಗೆ ಒಂದು ಮಗು ಕಡಿಮೆ

ಬಸವೇಶ್ವರನಗರ, ಬೆಂಗಳೂರು
ಭಾನುವಾರ, 8-6-2025

ಅನುವಿನ ಅಪ್ಪನಿಗೆ,

ನಿಮ್ಮ ಗ್ಯಾಸ್ಟ್ರಿಕ್ ಈಗ ಹೇಗಿದೆ? ಸಿಂಧನೂರಿನ ಬಿಸಿಲು ಇನ್ನೂ ಇಳಿದಿಲ್ಲ ಅಂತ ಟೀವಿಯಲ್ಲಿ ಹೇಳುತ್ತಿದ್ದರು. ಮನೆ ಓನರ್ ಹಾಲವ್ವನವರು ಕೊಡುವ ರೊಟ್ಟಿ ತಿನ್ನಿ, ಆ ಕೆಂಪು ಚಟ್ನಿ ಮಾತ್ರ ಮುಟ್ಟಬೇಡಿ. ಮಾತ್ರೆ ತಿಂಡಿಗೆ ಮೊದಲು ತೆಗೆದುಕೊಳ್ಳಬೇಕು, ಆಮೇಲಲ್ಲ. ಇಲ್ಲಿ ಅತ್ತೆಯ ಮಂಡಿ ನೋವು ಹಾಗೇ ಇದೆ. ಕ್ಲಿನಿಕ್ಕಿಗೆ ಕರೆದರೆ, ಈ ಮುನಿತಾಯಮ್ಮನ ಕಾಲು ಅರವತ್ತೆಂಟು ವರ್ಷ ದುಡಿದಿದೆ, ಸ್ವಲ್ಪ ಗೊಣಗಲಿ ಬಿಡು ಅಂತಾರೆ. ಅನು ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಅಂತಲೇ ಬರೆಯುತ್ತೇನೆ, ಮಿಕ್ಕಿದ್ದು ಮುಂದೆ ಇದೆ.

ದಿನಾ ಫೋನು ಮಾಡುವವಳು ಇದೇನು ಕಾಗದ ಅಂತ ನಗಬೇಡಿ. ಫೋನಿನಲ್ಲಿ ನಾನು ಶುರು ಮಾಡುವಷ್ಟರಲ್ಲಿ ನೀವು ಉತ್ತರ ಹೇಳಿಬಿಟ್ಟಿರುತ್ತೀರಿ, ಅದು ಲೆಕ್ಕದ ಮೇಷ್ಟ್ರ ಚಾಳಿ. ಈ ಸಲ ಪೂರ್ತಿ ಓದಿ ಆಮೇಲೆ ಮಾತಾಡಿ. ನಮ್ಮ ಶಾಲೆಯ ಸ್ಥಿತಿ ನಿಮಗೆ ಗೊತ್ತೇ ಇದೆ. ಡ್ರಾಯಿಂಗ್ ಸುಧೀಂದ್ರ ಸರ್ ರಿಟೈರ್ ಆದರು, ಅವರ ಜೊತೆ ಆ ಪೋಸ್ಟೂ ಹೋಯಿತು. ಗಣಿತಕ್ಕೆ ಎರಡು ವರ್ಷದಿಂದ ಯಾರೂ ಇಲ್ಲ, ಸಮಾಜ ವಿಜ್ಞಾನ ಹೇಳಿಕೊಡುವ ನಾನೇ ನಿಮ್ಮ ಹಳೇ ನೋಟ್ಸ್ ಇಟ್ಟುಕೊಂಡು ಬೀಜಗಣಿತ ಮಾಡುತ್ತಿದ್ದೇನೆ. ಮಕ್ಕಳು ಪಾಪ ಒಳ್ಳೆಯವು, ನನ್ನ ತಪ್ಪನ್ನು ಮೆಲ್ಲಗೆ ತಿದ್ದುತ್ತವೆ. ಈ ವರ್ಷ ಇಲಾಖೆ ಆಫೀಸಿನಿಂದ ಕಾಗದ ಬಂದಿದೆ. ಎಂಟನೇ ತರಗತಿಯಲ್ಲಿ ಇಪ್ಪತ್ತೈದು ಮಕ್ಕಳಿಲ್ಲದಿದ್ದರೆ ಅನುದಾನ ನಿಲ್ಲುತ್ತದೆ, ನಮ್ಮನ್ನೆಲ್ಲ ಹೆಚ್ಚುವರಿ ಅಂತ ಪಟ್ಟಿ ಮಾಡಿ ಬೇರೆ ಬೇರೆ ಊರಿಗೆ ಹಾಕುತ್ತಾರೆ. ನೀವು ಆಗಲೇ ಆ ಕಡೆ ಇದ್ದೀರಿ. ನಾನೂ ಇನ್ನೊಂದು ದಿಕ್ಕಿಗೆ ಹೋದರೆ ಅತ್ತೆಗೆ ಯಾರು, ಅನುಗೆ ಯಾರು ಅಂತ ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ.

ಬೇಸಿಗೆ ರಜೆಯಲ್ಲಿ ನಾವು ಆರು ಜನ ಟೀಚರುಗಳೂ ಪಾಂಪ್ಲೆಟ್ ಹಿಡಿದು ಮನೆ ಮನೆ ಸುತ್ತಿದೆವು, ಪ್ರತಿ ವರ್ಷ ಸುತ್ತುವ ಹಾಗೆ. ತಲೆಗೆ ನಾಲ್ಕು ಮಕ್ಕಳು ಅಂತ ಹೆಡ್ಮಾಸ್ಟರ್ ವಿಶ್ವಾರಾಧ್ಯ ಸರ್ ಹಂಚಿದ್ದರು. ಉಲ್ಲಾಳದಲ್ಲಿ ಎರಡು ದಿನ ಅಲೆದೆ, ಒಬ್ಬರೂ ಸಿಗಲಿಲ್ಲ. ಅಲ್ಲಿನ ಗಲ್ಲಿಗಲ್ಲಿಗೂ ಇಂಗ್ಲಿಷ್ ಶಾಲೆ ವ್ಯಾನ್ ಬರುತ್ತದೆ. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ, ನಿಮ್ಮ ಮಗು ಎಲ್ಲಿ ಓದೋದು ಅಂತ. ನಾನು ಮಾತು ತೇಲಿಸಿ ಬರುತ್ತಿದ್ದೆ. ಅನು ವಿಜಯನಗರದ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಾಳೆ ಅಂತ ಯಾವ ಬಾಯಲ್ಲಿ ಹೇಳಲಿ? ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಅಂದರೆ ನಾವೇ. ನಮ್ಮ ಆರು ಜನರ ಮಕ್ಕಳಲ್ಲಿ ಒಂದೂ ಕನ್ನಡ ಮೀಡಿಯಂನಲ್ಲಿಲ್ಲ. ಕೊನೆಗೆ ಮೂರು ಮಕ್ಕಳು ಸಿಕ್ಕವು, ನಾಲ್ಕನೆಯದು ಆರ್‌ಪಿಸಿ ಲೇಔಟ್ ಹಿಂದಿನ ವಠಾರದಲ್ಲಿ. ಹೂ ಕಟ್ಟುವ ಗಂಗಲಕ್ಷ್ಮಮ್ಮ ಅಂತ, ಅವರ ಮೊಮ್ಮಗಳು ದಿವ್ಯ. ಅಪ್ಪ ಅಮ್ಮ ಇಲ್ಲದ ಹುಡುಗಿ. ಕಟ್ಟಿದ ಹೂವಿನ ಲೆಕ್ಕವನ್ನು ಮಾರು, ಮೊಳ ಅಂತ ಬಾಯಲ್ಲೇ ಮಾಡುತ್ತಿದ್ದಳು, ನೀವು ನೋಡಿದ್ದರೆ ಅಲ್ಲೇ ಕೂತುಬಿಡುತ್ತಿದ್ದಿರಿ. ಹೆಣ್ಣು ಮಗು, ಬಸ್ಸಿನಲ್ಲಿ ಒಬ್ಬಳನ್ನೇ ಕಳಿಸಲ್ಲ, ಏಳನೇ ಕ್ಲಾಸು ಸಾಕು ಅಂದರು ಅಜ್ಜಿ. ಆಮೇಲೆ ಅದೇ ಪ್ರಶ್ನೆ ಕೇಳಿದರು. ಬಿಸಿಲಿನಲ್ಲಿ ಸುತ್ತಿ ಸುತ್ತಿ ಸಾಕಾಗಿತ್ತು. ನಮ್ಮ ಶಾಲೆಯಲ್ಲೇ, ಇವಳದೇ ಕ್ಲಾಸು, ದಿನಾ ನಾನೇ ಬಂದು ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗುತ್ತೇನೆ ಅಂದುಬಿಟ್ಟೆ. ಅಜ್ಜಿ ಒಳಗಿಂದ ಒಂದು ಮೊಳ ಮಲ್ಲಿಗೆ ತಂದು ನನ್ನ ಕೈಗಿಟ್ಟರು, ದುಡ್ಡು ಮುಟ್ಟಲಿಲ್ಲ.

ಶಾಲೆ ಶುರುವಾದ ದಿನ ಗಂಗಲಕ್ಷ್ಮಮ್ಮನೇ ದಿವ್ಯಳ ಕೈ ಹಿಡಿದು ಬಂದರು. ಹುಡುಗಿ ಎರಡು ಜಡೆಗೂ ಹೂ ಮುಡಿದಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತು ಕ್ಲಾಸು ಪೂರ್ತಿ ನೋಡಿ, ನಿಮ್ಮ ಮಗು ಯಾವುದು, ಪಕ್ಕದಲ್ಲಿ ಇವಳನ್ನ ಕೂರಿಸಿ ಅಂದರು. ಅನುಗೆ ಜ್ವರ ಅಂದೆ. ಒಂದು ಸುಳ್ಳಿಗೆ ಇನ್ನೊಂದು. ನಾಲ್ಕು ದಿನ ಜ್ವರವನ್ನೇ ಎಳೆದೆ. ಶಾಲೆ ಕಡೆಯಿಂದ ಬಸ್ ಪಾಸ್ ಮಾಡಿಸಿದ್ದೆ, ದಿವ್ಯ ದಿನಾ ನನ್ನ ಜೊತೆಯೇ ಬಂದಳು. ನಾನು ಬೋರ್ಡಿನ ಮೇಲೆ ಒಂದು ಸಮೀಕರಣದಲ್ಲಿ ಸಿಕ್ಕಿಹಾಕಿಕೊಂಡಾಗ ಎದ್ದು ನಿಂತು, "ಮಿಸ್, ಆ ಕಡೆ ಹೋದ್ರೆ ಮೈನಸ್ ಆಗತ್ತಲ್ವಾ" ಅಂದಳು. ಶುಕ್ರವಾರ ಅಜ್ಜಿ ಮತ್ತೆ ಬಂದರು. ಬೈಯಲಿಲ್ಲ. ಅನು ಇಲ್ಲಿ ಓದುವುದಿಲ್ಲ ಅಂತ ಯಾರೋ ಹೇಳಿದ್ದಾರೆ ಅನ್ನುವುದು ಮುಖ ನೋಡಿದರೇ ಗೊತ್ತಾಯಿತು. "ನಿಮ್ ಮಗೂಗೆ ಜ್ವರ ಬಿಟ್ಮೇಲೆ ಹೇಳಿ ಮಿಸ್ಸಮ್ಮ, ಅವತ್ತೇ ಇವಳನ್ನೂ ಕಳಿಸ್ತೀನಿ" ಅಂತ ಹೇಳಿ ಹುಡುಗಿಯನ್ನು ಕರೆದುಕೊಂಡು ಹೋದರು. ದಿವ್ಯ ಗೇಟಿನವರೆಗೂ ತಿರುಗಿ ತಿರುಗಿ ನೋಡಿದಳು. ನಾನು ಸ್ಟಾಫ್ ರೂಮಿಗೆ ಬಂದು ಅತ್ತುಬಿಟ್ಟೆ. ಅವಮಾನಕ್ಕೆ ಅತ್ತೆನೋ, ಆ ಮಗುವಿಗಾಗಿ ಅತ್ತೆನೋ ನನಗೇ ತಿಳಿಯದು.

ಈಗ ಲೆಕ್ಕ ಹೀಗಿದೆ. ದಿವ್ಯ ಬಂದರೆ ಇಪ್ಪತ್ತನಾಲ್ಕು, ಅನುವೂ ಬಂದರೆ ಇಪ್ಪತ್ತೈದು. ಅನು ಬರದಿದ್ದರೆ ದಿವ್ಯಳೂ ಬರುವುದಿಲ್ಲ. ವಿಶ್ವಾರಾಧ್ಯ ಸರ್ ನನ್ನನ್ನು ಕೂರಿಸಿಕೊಂಡು ಹಾಜರಿ ಪುಸ್ತಕದ ಹೆಸರುಗಳನ್ನು ಎರಡು ಸಲ ಎಣಿಸಿದರು. ಆಮೇಲೆ, "ನಾನು ಕೇಳಲ್ಲ ಮೇಡಂ. ನನ್ ಮೊಮ್ಮಗನ್ನ ಎಲ್ ಸೇರಿಸಿದೀನಿ ಅಂತ ನಿಮಗೂ ಗೊತ್ತು" ಅಂದರು. ಕೇಳಿದ್ದರೆ ಆಗಲ್ಲ ಅಂತ ಜಗಳ ಆಡಬಹುದಿತ್ತು, ಅದಕ್ಕೂ ದಾರಿ ಬಿಡಲಿಲ್ಲ. ಮನೆಯಲ್ಲಿ ಅತ್ತೆಗೆ ಮಾತ್ರ ಹೇಳಿದೆ. ಅವರ ಪಿಸುಮಾತು ಮೂರನೇ ಮನೆಗೂ ಕೇಳಿಸುವಂಥದ್ದು, ಅನು ಕಿವಿಗೆ ಬಿತ್ತು. ನಿನ್ನೆ ಬೆಳಿಗ್ಗೆ ನೋಡಿದರೆ ನನ್ನ ಬ್ಯಾಗಿನಿಂದ ಕನ್ನಡದ ವಿಜ್ಞಾನ ಪುಸ್ತಕ ತೆಗೆದು ಓದುತ್ತಾ ಕೂತಿದ್ದಾಳೆ. ದ್ಯುತಿಸಂಶ್ಲೇಷಣೆ ಅನ್ನುವ ಪದವನ್ನು ಬೆರಳಿಟ್ಟು ಮೂರು ಸಲ ಕೂಡಿಸಿ ಓದಿದಳು. ಫೋಟೋಸಿಂಥೆಸಿಸ್ ಕಣೇ ಅಂದೆ. ತಲೆ ಎತ್ತದೇ, "ಅಮ್ಮಾ, ನಾನು ಫೇಲ್ ಆದ್ರೆ ಬೈತೀಯಾ?" ಅಂದಳು. ಏಳು ವರ್ಷ ಕ್ಲಾಸಿಗೆ ಫಸ್ಟ್ ಬಂದ ಹುಡುಗಿ ರೀ. ನಾನು ದೋಸೆ ಸೀಯುತ್ತಿದೆ ಅಂತ ಒಳಗೆ ಹೋದೆ.

ಹದಿನೇಳು ವರ್ಷ ಪಾಠ ಮಾಡಿದ್ದೇನೆ, ಮಾತೃಭಾಷೆಯಲ್ಲಿ ಓದಿದ ಮಗುವಿಗೆ ವಿಷಯ ಚೆನ್ನಾಗಿ ಹತ್ತುತ್ತದೆ ಅಂತ ಮನೆ ಮನೆಯಲ್ಲೂ ಹೇಳಿದ್ದೇನೆ. ಅದು ನಿಜ ಅಂತಲೇ ಈಗಲೂ ನಂಬುತ್ತೇನೆ. ಆದರೆ ನನ್ನ ಮಗಳ ಮುಂದೆ ಅದನ್ನೇ ಹೇಳಲು ಹೋಗಿ ಬೇರೇನೋ ಮಾತಾಡಿ ಬರುತ್ತೇನೆ. ಹಾಗಾದರೆ ಇಷ್ಟು ವರ್ಷ ಬೇರೆಯವರ ಮಕ್ಕಳಿಗೆ ನಾನು ಏನು ಮಾಡಿದೆ ಅಂತ ಅನ್ನಿಸುತ್ತದೆ. ನಿಮಗೆ ಬುದ್ಧಿ ಹೇಳುವ ಆಸೆ ಇದ್ದರೆ ಹೇಳಿ, ಈ ಸಲ ಎದುರು ಮಾತಾಡುವುದಿಲ್ಲ.

ಹಾಲವ್ವನವರಿಗೆ ನನ್ನ ನಮಸ್ಕಾರ ತಿಳಿಸಿ, ಮಗನ ಹಾಗೆ ನೋಡಿಕೊಳ್ಳುತ್ತಿರುವ ಅವರ ಹೊಟ್ಟೆ ತಣ್ಣಗಿರಲಿ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಎಣ್ಣೆ ಸ್ನಾನ ಬಿಡಬೇಡ ಅಂತಲೂ ಹೇಳಿದ್ದಾರೆ.

ಇಂತಿ ನಿಮ್ಮ,
ಧನ್ಯಶ್ರೀ

ವಿ.ಸೂ.: ಮರೆತಿದ್ದೆ ಅಂತ ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಕವರಿನಲ್ಲಿ ಅನು ಶಾಲೆಯಿಂದ ಟಿಸಿ ಕೇಳುವ ಫಾರಂ ಇದೆ, ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕಂತೆ, ಹದಿನೆಂಟನೇ ತಾರೀಖು ಕೊನೆ. ನೀವು ಸಹಿ ಹಾಕಿ ಕಳಿಸಿದರೂ ಸರಿ, ಹರಿದು ಹಾಕಿದರೂ ಸರಿ. ತಾಯಿಯ ಸಹಿ ಜಾಗ ಖಾಲಿ ಬಿಟ್ಟಿದ್ದೇನೆ. ನಿನ್ನೆಯಿಂದ ಪೆನ್ನು ಹಿಡಿದು ಕೂತೆ, ಕೈ ಬರಲಿಲ್ಲ. ನಾಲ್ಕು ಮನೆಯವರ ಕೈಯಲ್ಲಿ ಇಂಥದ್ದೇ ಫಾರಮ್ಮಿಗೆ ಎರಡೆರಡು ನಿಮಿಷದಲ್ಲಿ ಸಹಿ ಹಾಕಿಸಿದವಳು ನಾನೇ.