ಅತ್ತೆಯ ತೂಕಕ್ಕೆ ಒಂದು ಸ್ಪ್ರಿಂಗು

ಫೆಬ್ರವರಿ 4, ಬೆಳಿಗ್ಗೆ

ಚೈನಿಗೆ ಎಣ್ಣೆ ಹಾಕಿದೆ. ಟೈರಿನ ಗಾಳಿ ನೋಡಿದೆ. ಅತ್ತೆ ಕಾಫಿ ಹಿಡಿದು ಬಾಗಿಲಲ್ಲಿ ನಿಂತು — "ದಿನಾ ಅದಕ್ಕೆ ಸ್ನಾನ ಮಾಡಿಸ್ತೀರಿ ಅಳಿಯಂದ್ರೇ, ನಿಮ್ಮದು ಯಾವಾಗ?"

ದಿನದ ಮಾತೇ. ನಮ್ಮವಳು ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾನು, ನಮ್ಮವಳ ತಾಯಿ, ಈ ಎತ್ತರದ ಬೈಕು — ಮೂರೇ ಜೀವ. ಅಡ್ವೆಂಚರ್ ಬೈಕ್ ಅಂತ ಹೆಸರು. ಅಡ್ವೆಂಚರ್ ಈಗ ತರಕಾರಿ ಅಂಗಡಿವರೆಗೆ.

ಇವತ್ತು ಕಾಫಿ ಕೊಟ್ಟ ಮೇಲೂ ಒಳಗೆ ಹೋಗಲಿಲ್ಲ. ಹಿಂದಿನ ಸೀಟಿನ ಧೂಳು ಕೈಯಲ್ಲಿ ಒರೆಸುತ್ತಾ, "ಅಕ್ಕ ಫೋನ್ ಮಾಡಿದ್ಲು. ಬಾ ಅಂತಾಳೆ. ಬಂದು ಇದ್ದುಬಿಡು ಅಂತಾಳೆ."

"ನೀವೇನಂದ್ರಿ?"

"ಹೇಗೆ ಬರ್ಲಿ ಅಂದೆ."

ಅದೂ ನಿಜ. ಅತ್ತೆಯ ಅಕ್ಕನ ಮನೆ ಗುಡ್ಡದ ಆಚೆ. ದೊಡ್ಡ ಸೇತುವೆ ಕೊಚ್ಚಿಹೋದ ಮೇಲೆ ಬಸ್ಸಿಲ್ಲ, ಕಾರು ಹೋಗುವುದಿಲ್ಲ. ಕಾಲುಸೇತುವೆಯ ಮೇಲೆ ಟೂವೀಲರ್ ಮಾತ್ರ. ಅದಾದ ಮೇಲೆ ರಸ್ತೆ ಎಂಬುದು ಹೆಸರಿಗೆ. ಅತ್ತೆಯ ಬೆನ್ನುಮೂಳೆಯೋ, ಹೋದ ವರ್ಷ ಬಿರುಕು ಬಿಟ್ಟು ಕೂಡಿಕೊಂಡದ್ದು.

ನೋಡೋಣ ಅಂದೆ. "ಇದ್ದುಬಿಡು" ಎಂದದ್ದಕ್ಕೆ ಏನು ಹೇಳಿದರೋ, ಕೇಳಲಿಲ್ಲ. ಕೇಳಬಹುದಿತ್ತು... ಕಾಫಿ ಆರಿಹೋಗಿತ್ತು.

ಫೆಬ್ರವರಿ 6

ಡಾಕ್ಟರಮ್ಮ ಮೊದಲು ನಕ್ಕರು. ನಾನು ನಗದಿರುವುದನ್ನು ನೋಡಿ ನಿಲ್ಲಿಸಿದರು. "ಬೈಕಲ್ಲಾ? ಎಂಬತ್ತು ವರ್ಷದವರನ್ನ?"

"ಎಪ್ಪತ್ತೊಂಬತ್ತು" ಎಂದರು ಅತ್ತೆ.

ಎಕ್ಸ್‌ರೇ ಬೆಳಕಿಗೆ ಹಿಡಿದರು. ಮೂಳೆ ಚೆನ್ನಾಗಿ ಕೂಡಿದೆಯಂತೆ. ಬೆಲ್ಟ್ ಕಟ್ಟಿ, ನಿಧಾನ ಹೋದರೆ ಕೂರಬಹುದು. "ಆದ್ರೆ ಜರ್ಕ್ ಆಗಬಾರದು. ಒಂದು ದೊಡ್ಡ ಜರ್ಕ್ ಸಾಕು, ಮತ್ತೆ ಹಾಸಿಗೆ ಹಿಡೀತಾರೆ."

ನೋ ಜರ್ಕ್. ಅಂದರೆ ಬೈಕಿನ ಸಸ್ಪೆನ್ಷನ್, ಅದರ ಸ್ಪ್ರಿಂಗು. ಬಿ.ಎಸ್ಸಿ.ಯಲ್ಲಿ ಸ್ಪ್ರಿಂಗಿನ ಬಗ್ಗೆಯೇ ಒಂದು ಹುಕ್ಸ್ ಲಾ ಇತ್ತು. "ವಿದಿನ್ ದಿ ಎಲಾಸ್ಟಿಕ್ ಲಿಮಿಟ್, ದಿ ಸ್ಟ್ರೆಸ್ ಈಸ್..." ಈಸ್ ಏನು? ಡಿಪೆಂಡಿಂಗ್ ಅಪಾನ್? ದಾರಿಯುದ್ದಕ್ಕೂ ಯೋಚಿಸಿದೆ. ಲೆಕ್ಚರರ್ ಮೀಸೆ ನೆನಪಿದೆ, ವಾಕ್ಯದ ಬಾಲ ನೆನಪಿಲ್ಲ.

ಫೆಬ್ರವರಿ 9

ಸ್ವಂತ ಬುದ್ಧಿ ಉಪಯೋಗಿಸಿದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಬಿಗಿ ಮಾಡಲು ಒಂದು ನಾಬ್ ಇದೆ. ಪೂರ್ತಿ ಸಡಿಲಿಸಿದೆ. ಸಡಿಲ ಅಂದರೆ ಮೆತ್ತಗೆ, ಮೆತ್ತಗೆ ಅಂದರೆ ಸುಖ. ಕಾಮನ್ ಸೆನ್ಸ್. ವಾಟರ್‌ವರ್ಕ್ಸ್ ಸ್ಟೋರಿನಲ್ಲಿ ಜೀವಮಾನವಿಡೀ ನಟ್ಟು ಬೋಲ್ಟು ಕಾದವನಿಗೆ ಇಷ್ಟೂ ತಿಳಿಯದೆ?

ಅತ್ತೆಯ ಬದಲಿಗೆ ಮರಳಿನ ಚೀಲ. ಅವರ ತೂಕದ್ದೇ, ನಲವತ್ತೊಂದು ಕೆ.ಜಿ. ಜಾರದಿರಲೆಂದು ಶಾಲು ಸುತ್ತಿ ಕಟ್ಟಿದೆ. ಎದುರುಮನೆಯಾಕೆ ಮಹಡಿಯಿಂದ ಬಗ್ಗಿ ಬಗ್ಗಿ ನೋಡಿದಳು. ಅತ್ತೆ ಇಲ್ಲಿಂದಲೇ ಕೂಗಿದರು — "ಒಳ್ಳೆ ಸಂಬಂಧ ಕಣಮ್ಮಾ! ಮಾತಾಡಲ್ಲ, ಜಗಳ ಆಡಲ್ಲ!"

ಜಲ್ಲಿ ಕ್ವಾರಿ ರಸ್ತೆಗೆ ಹೋದೆ. ಮೊದಲ ಗುಂಡಿಗೇ — ಧಡ್! ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಚೀಲ ಬಿರಿಯಿತು. ಮನೆಯವರೆಗೆ ಮರಳು ಸುರಿದುಕೊಂಡು ಬಂದೆ.

ಅತ್ತೆ ಖಾಲಿ ಶಾಲು ಬಿಡಿಸಿ ನೋಡಿದರು. "ನಾನಾಗಿದ್ರೆ ಎಲ್ಲಿಂದ ಸುರಿಯೋಕೆ ಶುರು ಆಗ್ತಿದ್ದೆ?"

ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಬಿರಿದ ಚೀಲವನ್ನು ಅತ್ತೆಗೆ ಕಾಣದಂತೆ ಮಡಚಿಟ್ಟೆ.

ಫೆಬ್ರವರಿ 10

ಗೊಣಗಪ್ಪನ ಶೆಡ್ಡು. ಮೆಕ್ಯಾನಿಕ್ಕಿನ ನಿಜವಾದ ಹೆಸರು ಬೇರೆ. ಗೊಣಗದೆ ಸ್ಪ್ಯಾನರ್ ಹಿಡಿಯುವುದಿಲ್ಲ, ಅದಕ್ಕೆ ಎಲ್ಲರೂ ಹಾಗೆ ಕರೆದರು. ಈಗ ಬೋರ್ಡಿನಲ್ಲೂ ಅದನ್ನೇ ಬರೆಸಿದ್ದಾನೆ.

"ಬರೋರೆಲ್ಲ ಹಾರಬೇಕು ಅಂತಾರೆ. ಗಟ್ಟಿ ಮಾಡು, ಜಂಪ್ ಹೊಡೀಬೇಕು ಅಂತಾರೆ. ನೀವು ನೋಡಿದ್ರೆ ತೊಟ್ಟಿಲು ಮಾಡ್ಕೊಡು ಅಂತೀರಿ."

"ತೊಟ್ಟಿಲೇ ಬೇಕು."

"ಮಗುಗೆಷ್ಟು ತಿಂಗಳು?"

"ಎಪ್ಪತ್ತೊಂಬತ್ತು ವರ್ಷ."

ಗೊಣಗು ನಿಂತಿತು. ನಾನು ನೋಡಿದಂತೆ ಮೊದಲ ಸಲ.

ಅವನು ಹೇಳಿದ್ದು, ನನಗೆ ಅರ್ಥವಾದಷ್ಟು: ನಾಬ್ ಸಡಿಲಿಸಿದರೆ ಸ್ಪ್ರಿಂಗ್ ಮೆತ್ತಗಾಗುವುದಿಲ್ಲ. ಬೈಕು ಎಷ್ಟು ತಗ್ಗಿ ಕೂರುತ್ತದೆ ಎಂಬುದು ಮಾತ್ರ ಬದಲಾಗುತ್ತದೆ. ಅದು ಪ್ರಿಲೋಡ್. ನಾನು ಪೂರ್ತಿ ಸಡಿಲಿಸಿ ಬೈಕನ್ನು ಮೊದಲೇ ತಳದ ಹತ್ತಿರ ಕೂರಿಸಿಬಿಟ್ಟಿದ್ದೆ. ಗುಂಡಿ ಬಂದಾಗ ಇನ್ನು ಕುಗ್ಗಲು ಜಾಗವೆಲ್ಲಿ? ತಳಕ್ಕೇ ಬಡಿಯಿತು. ಜನ ಹತ್ತಿ ಕೂತಾಗ, ಒಟ್ಟು ಕುಗ್ಗಬಹುದಾದ್ದರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಬೇಕಂತೆ. ಅದಕ್ಕೆ ಸ್ಯಾಗ್ ಅನ್ನುತ್ತಾರೆ. ಉಳಿದ ಎರಡು ಪಾಲು ಗುಂಡಿಗಳಿಗೆ ಮೀಸಲು.

ಇನ್ನೊಂದು. ಶಾಕಿನೊಳಗಿನ ಎಣ್ಣೆ ಸತ್ತುಹೋಗಿದೆ. ಕುಗ್ಗಿದ ಸ್ಪ್ರಿಂಗ್ ಮೇಲೇಳುವಾಗ "ಮೆಲ್ಲಗೆ, ಮೆಲ್ಲಗೆ" ಎಂದು ಹಿಡಿದುಕೊಳ್ಳುವವರೇ ಇಲ್ಲ. ಅದಕ್ಕೇ ಒದೆಯುತ್ತದೆ. ಆ ಹಿಡಿತ ರಿಬೌಂಡ್ ಡ್ಯಾಂಪಿಂಗ್.

ಅತ್ತೆಯನ್ನೇ ಕರೆತರಬೇಕಂತೆ. "ಮರಳು ಹೆದರಲ್ಲ ಸಾರ್. ಮನುಷ್ಯರು ಹೆದರ್ತಾರೆ, ಮುಂದೆ ಬಗ್ತಾರೆ, ಭಾರ ಜಾಗ ಬದಲಾಯಿಸುತ್ತೆ."

ಫೆಬ್ರವರಿ 13

ಅತ್ತೆ ಜನ್ಮದಲ್ಲಿ ಮೊದಲ ಸಲ ಪ್ಯಾಂಟು ಹಾಕಿದರು. ನಮ್ಮವಳದ್ದು. ಕೆಳಗೆ ಎರಡು ಮಡಿಕೆ. ಕನ್ನಡಿಯ ಮುಂದೆ ನಿಂತು, "ಪೊಲೀಸಿನವಳ ಥರ ಕಾಣ್ತೀನಿ" ಎಂದರು. ಬೇಸರದ ದನಿಯೇನಲ್ಲ.

ಹೆಲ್ಮೆಟ್ಟೂ ನಮ್ಮವಳದ್ದೇ. ಸಡಿಲಾದೀತು ಎಂದು ಶೆಡ್ಡಿಗೆ ಸ್ಪಂಜು ಒಯ್ದಿದ್ದೆ. ಬೇಕಾಗಲಿಲ್ಲ. ತಾಯಿ ಮಗಳ ತಲೆ ಒಂದೇ ಅಳತೆ. ಅತ್ತೆ ಗಾಜು ಕೆಳಗೆಳೆದುಕೊಂಡು ಅದರೊಳಗೇ ಸ್ವಲ್ಪ ಹೊತ್ತು ಇದ್ದರು. ಗೊಣಗಪ್ಪ ಟೇಪು ಹುಡುಕುವವನಂತೆ ಆ ಕಡೆ ತಿರುಗಿ ನಿಂತ. ಟೇಪು ಅವನ ಜೇಬಿನಲ್ಲೇ ಇತ್ತು.

ಸ್ಟೂಲಿನ ಮೇಲೆ ಹತ್ತಿಸಿ ಕೂರಿಸಿದೆವು. ಅವನು ಹ್ಯಾಂಡಲ್ ಹಿಡಿದ, ಅವನ ಹೆಂಡತಿ ಹಿಂದಿನ ಚಕ್ರದಿಂದ ಸೀಟಿನವರೆಗೆ ಅಳತೆ ತೆಗೆದಳು.

"ಅಜ್ಜಿ, ಉಸಿರು ಬಿಡಿ. ಅಳತೆ ತಪ್ಪುತ್ತೆ."

"ಉಸಿರಿಗೂ ತೂಕ ಇರುತ್ತೇನೇ?"

"ನಿಮ್ಮ ಮೈಯಲ್ಲಿ ಬೇರೇನಿದೆ ಅಜ್ಜಿ, ಅದೇ ಇರೋದು!"

ತೀರ್ಪು: ಈ ಸ್ಪ್ರಿಂಗು ಸೋತಿದೆ. ಇಬ್ಬರ ತೂಕಕ್ಕೆ ಲೆಕ್ಕ ಹಾಕಿ ಹೊಸದು ತರಿಸಬೇಕು. ಶಾಕ್ ಬಿಚ್ಚಿ ಎಣ್ಣೆ, ಸೀಲು ಬದಲು. ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೂ ಹೊಸ ಸ್ಪ್ರಿಂಗು — ಹಿಂದೆ ಮಾತ್ರ ಮಾಡಿದರೆ ಮುಂದೆ ಮುಗ್ಗರಿಸುತ್ತದಂತೆ.

ಮಾರ್ಚ್ 2

ಫಿಟ್ ಆಯಿತು! ಸೀಟಿನ ಹಿಂದೆ ಒರಗಿಕೊಳ್ಳಲು ದಿಂಬು, ಅತ್ತೆಗೆ ಬೆಲ್ಟು. ಕ್ವಾರಿ ರಸ್ತೆ, ಅದೇ ಗುಂಡಿ. ಉಸಿರು ಬಿಗಿಹಿಡಿದು ಇಳಿಸಿದೆ. ಬೈಕು ಒಮ್ಮೆ ಬಗ್ಗಿತು, ಎದ್ದಿತು, ಸುಮ್ಮನಾಯಿತು.

ಹಿಂದಿನಿಂದ ದನಿ: "ಗುಂಡಿ ಯಾವಾಗ ಬರುತ್ತೆ?"

ಬಂದು ಹೋಯಿತು ಅತ್ತೆ. ಆಹಾ... ಬ್ಯೂಟಿಫುಲ್. ಅದರ ಸೂಪರ್ಲೇಟಿವ್ ಡಿಗ್ರೀ — ಮೋಸ್ಟ್ ಬ್ಯೂಟಿಫುಲ್. ಇದು ಮಾತ್ರ ಮರೆತಿಲ್ಲ.

ಸಂಜೆ ಅತ್ತೆ ಅಕ್ಕನಿಗೆ ಫೋನ್ ಮಾಡಿದರು. ಅಡುಗೆಮನೆಯಿಂದ ಕೇಳಿಸಿತು. "ಬರ್ತೀನಿ ಕಣೇ... ಹೂಂ... ಬಟ್ಟೆ ಜಾಸ್ತೀನೇ ತರ್ತೀನಿ."

ಜಾಸ್ತೀನೇ.

ಮಾರ್ಚ್ 3

ಬ್ರೇಕ್ ಹಿಡಿದರೆ ಮುಂದೆ ಸ್ವಲ್ಪ ಜಾಸ್ತಿ ತಗ್ಗುತ್ತದೆ ಅನ್ನಿಸಿತು. ಶೆಡ್ಡಿಗೆ ಹೋದೆ.

ಮಾರ್ಚ್ 5

ಈಗ ರಿಬೌಂಡ್ ತುಸು ನಿಧಾನ. ಶೆಡ್ಡು.

ಮಾರ್ಚ್ 8

ಎಲ್ಲೋ ಕಿರ್ ಎನ್ನುತ್ತದೆ. ಎಡಕ್ಕೆ ತಿರುಗಿಸಿದಾಗ ಮಾತ್ರ. ಅಥವಾ ಬಲಕ್ಕೆ. ರಿಸ್ಕ್ ಬೇಡ. ಶೆಡ್ಡಿನಲ್ಲೇ ಬಿಟ್ಟು ಬಂದೆ.

ಮಾರ್ಚ್ 11

ಗೊಣಗಪ್ಪ ಕೀಲಿಕೈ ಕೊಡಲಿಲ್ಲ. ಕೈಯಲ್ಲೇ ಹಿಡಿದುಕೊಂಡ. "ಸಾರ್, ಶಬ್ದ ಇಲ್ಲ. ನಮ್ಮನೆಯವಳನ್ನ ಹಿಂದೆ ಕೂರಿಸ್ಕೊಂಡು ನಾನೇ ಸುತ್ತಿ ಬಂದೆ. ಅವಳು ಹಾಡ್ಕೊಂಡು ಕೂತಿದ್ಲು, ನನಗೆ ಅದೊಂದೇ ಶಬ್ದ ಕೇಳಿದ್ದು. ಈ ಗಾಡೀಲಿ ಮಾಡೋಕೆ ಏನೂ ಉಳಿದಿಲ್ಲ. ಯಾವತ್ತು ಹೊರಡ್ತೀರಿ?"

ಕೀಲಿಕೈ ತೆಗೆದುಕೊಂಡು ಬಂದೆ. 

ಅತ್ತೆ ಬಟ್ಟೆ ಮಡಚುತ್ತಿದ್ದರು. "ಶಬ್ದ ನಿಂತಿತಾ?"

"ನಿಂತಿತು."

"ಇತ್ತಾ ಮೊದಲು?"

ಕೀಲಿಕೈಯನ್ನು ಮೊಳೆಗೆ ನೇತುಹಾಕಿದೆ. ಅತ್ತೆ ತಲೆ ಎತ್ತದೆ, "ಅವಳೂ ಹೀಗೇ ಮಾಡ್ತಿದ್ಲು. ನಿಮ್ಮ ಮದುವೆ ಆದ ಹೊಸದರಲ್ಲಿ ನಮ್ಮನೆಗೆ ಬಂದ್ರೆ, ಹೊರಡೋ ಹೊತ್ತಿಗೆ ಚಪ್ಪಲಿ ಕಾಣಿಸ್ತಿಲ್ಲ ಅಂತ ಮನೆಯೆಲ್ಲ ಹುಡುಕೋಳು. ಚಪ್ಪಲಿ ಕಾಲಲ್ಲೇ ಇರೋದು."

ಒಂದು ಟವೆಲ್ಲು ತೆಗೆದುಕೊಂಡು ನಾನೂ ಮಡಚಿದೆ. ಸರಿಯಾಗಿ ಬರಲಿಲ್ಲ. ಅವರು ಬಿಡಿಸಿ ಮತ್ತೆ ಮಡಚಿದರು.

"ಭಾನುವಾರ ಹೊರಡೋಣ ಅತ್ತೆ."

"ಹೂಂ."

ಮಾರ್ಚ್ 16, ಸಂಜೆ, ಗುಡ್ಡದ ಮನೆ

ತಲುಪಿದೆವು. ಬೆನ್ನು ನೋವಿಲ್ಲ. ಮೊದಲು ಅದನ್ನೇ ಬರೆಯಬೇಕು: ಅತ್ತೆಗೆ ಬೆನ್ನು ನೋವಿಲ್ಲ.

ಕಾಲುಸೇತುವೆಯ ಹಲಗೆಗಳು ಕಟಕಟ ಎಂದವು, ಅತ್ತೆ ಕೆಳಗಿನ ನೀರು ನೋಡಿ ಮೀನಿದೆಯಾ ಎಂದು ಕೇಳಿದರು. ಆಮೇಲಿನ ಏರಿನಲ್ಲಿ ಬರೀ ಕಲ್ಲು. ಎರಡೂ ಚಕ್ರ ಕೆಳಗೆ ಏನೇನೋ ಕುಣಿಯುತ್ತಿವೆ, ಮೇಲೆ ನಾವು ತೇಲುತ್ತಿದ್ದೇವೆ. ಅತ್ತೆಯ ಮಾತು ನಿಂತಿತ್ತು. ಹೆದರಿದರೇನೋ ಎಂದುಕೊಂಡೆ. ನನ್ನ ಬೆನ್ನಿಗೆ ಹೆಲ್ಮೆಟ್ಟು ಒರಗಿತು. ಕನ್ನಡಿ ತಿರುಗಿಸಿ ನೋಡಿದರೆ — ನಿದ್ದೆ!

ಎಬ್ಬಿಸಲು ಮನಸ್ಸು ಬರಲಿಲ್ಲ. ಒಂದು ಕೈ ಹಿಂದೆ ಚಾಚಿ ಅವರ ತೋಳು ಹಿಡಿದೆ. ಹಾಗೆ ಓಡಿಸಬಾರದು, ಗೊತ್ತು. ಸಮತಟ್ಟಾದ ಆ ಒಂದು ತಿರುವಿನವರೆಗೆ ಮಾತ್ರ. ನಡೆದುಕೊಂಡು ಬರುತ್ತಿದ್ದವನೊಬ್ಬ ನಮ್ಮನ್ನು ದಾಟಿ ಮುಂದೆ ಹೋದ. ತಿರುಗಿ ನೋಡಿ ನಕ್ಕ. ನಗಲಿ.

ಅತ್ತೆಯ ಅಕ್ಕ, ನನಗೆ ದೊಡ್ಡತ್ತೆ, ಬಾಗಿಲಲ್ಲೇ ಕಾಯುತ್ತಿದ್ದರು. "ಲೇ! ಪ್ಯಾಂಟಾ?"

"ನಿನಗೂ ಒಂದು ತಂದಿದೀನಿ."

ಆಮೇಲೆ ಇಬ್ಬರೂ ಅತ್ತರು. ನಾನು ಬೈಕಿನ ಹತ್ತಿರ ಏನೋ ಕೆಲಸ ಮಾಡಿದೆ.

ದೊಡ್ಡತ್ತೆಗೆ ಕೈ ವಿಪರೀತ ನಡುಗುತ್ತದೆ. ಲೋಟ ಎತ್ತಿದರೆ ಅರ್ಧ ನೀರು ಮಡಿಲಿಗೆ. ಫೋನಿನಲ್ಲಿ ಇದನ್ನು ಹೇಳಿರಲಿಲ್ಲ. ಅತ್ತೆ ಪಕ್ಕ ಕೂತು ಲೋಟ ಹಿಡಿದುಕೊಂಡರು, ಆಕೆ ಕುಡಿದರು. "ಇದ್ದುಬಿಡು" ಎಂದದ್ದು ಯಾಕೆಂದು ನನಗೆ ತಿಳಿಯಿತು. ನಾನು ನೋಡಿದ್ದು ಅತ್ತೆಗೂ ತಿಳಿಯಿತು.

ಆಮೇಲೆ ಅತ್ತೆ ಹಿತ್ತಿಲಿಗೆ ಬಂದು ನಿಂತರು. "ಅಳಿಯಂದ್ರೇ, ನಾನಿಲ್ಲಿ ಇರ್ತೀನಿ. ಎಷ್ಟು ದಿನ ಅಂತ ಕೇಳ್ಬೇಡಿ."

"ಕೇಳಲ್ಲ ಅತ್ತೆ. ದಾರಿ ಗೊತ್ತಾಯ್ತಲ್ಲ. ಬರ್ತಾ ಇರ್ತೀನಿ."

"ಬರ್ತಾ ಇರ್ತೀನಿ ಅನ್ನೋ ಮಾತು ಬೇಡ. ಯಾವ ವಾರ?"

"ಶನಿವಾರ."

"ಊಟಕ್ಕೆ ಮುಂಚೆ ಬರ್ಬೇಕು. ತಣ್ಣಗಾದ್ಮೇಲೆ ಬಂದ್ರೆ ನಾನು ಬಡಿಸಲ್ಲ."

ಮಾರ್ಚ್ 17, ಬೆಳಿಗ್ಗೆ, ಸೇತುವೆಯ ಈಚೆ

ಇಳಿಜಾರಿನಲ್ಲಿ ಬೈಕಿನ ಹಿಂಬದಿ ಎತ್ತೆತ್ತಿ ಹಾಕಿತು. ಇಬ್ಬರ ಲೆಕ್ಕಕ್ಕೆ ಬಿಗಿ ಮಾಡಿದ್ದು, ಒಬ್ಬನಿಗೆ ಹೆಚ್ಚೇ. ಸೇತುವೆ ದಾಟಿ ನಿಲ್ಲಿಸಿದೆ. ಪ್ರಿಲೋಡ್ ಕಡಿಮೆ ಮಾಡಿದೆ. ಕೂತು ನೋಡಿದೆ. ಸರಿಯಾಗಿದೆ. ಶುಕ್ರವಾರ ಸಂಜೆಯೇ ಮತ್ತೆ ಬಿಗಿ ಮಾಡಿಟ್ಟುಕೊಳ್ಳಬೇಕು, ಹೋದಾಗ ಅತ್ತೆ ಎಲ್ಲಿಗಾದರೂ ಕರೆದುಕೊಂಡು ಹೋಗಿ ಎಂದರೆ?

ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀರಿನಲ್ಲಿ ಮೀನಿದೆ. ಸಣ್ಣವು. ಹೇಳಬೇಕು.

ಫೋನು. ಅತ್ತೆಯೇ. ಹೊರಟು ಅರ್ಧ ಗಂಟೆಯೂ ಆಗಿಲ್ಲ, ಆಗಲೇ ಶುರು. ಎತ್ತಿ ಮೊದಲು ಮೀನಿನ ಸುದ್ದಿ ಹೇಳುತ್ತೇನೆ.