ನಿನ್ನ ತಮ್ಮನ ಜೀಪಿಗೆ ಆರಿಸಿದ ಕೊಂಡಿ

ಚಾಮರಾಜನಗರ
ಸೋಮವಾರ, ೭-೨-೧೯೫೫

ಸೌಭಾಗ್ಯವತಿ ಶಿವರುದ್ರಮ್ಮನಿಗೆ ನಿನ್ನ ಪತಿ ಗಂಗಾಧರಸ್ವಾಮಿಯು ಮಾಡುವ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ. ಎಂದರೆ, ಊಟ ನಿದ್ರೆಗಳಿಗೆ ಲೋಪವಿಲ್ಲ ಎಂದಷ್ಟೇ ಅರ್ಥ. ಗುಂಡ್ಲುಪೇಟೆಯ ತವರಿನಲ್ಲಿ ನಿನ್ನ ಕ್ಷೇಮವನ್ನು ನಾನು ವಿಚಾರಿಸಬೇಕಾಗಿಲ್ಲ. ಆ ಕಡೆಯಿಂದ ಬರುವವರೆಲ್ಲರೂ ನೀನು ನಿನ್ನ ತಮ್ಮನ ಜೀಪಿನಲ್ಲಿ ಎಲ್ಲೆಲ್ಲಿ ಕಾಣಿಸಿಕೊಂಡೆ ಎಂಬುದನ್ನು ತಪ್ಪದೆ ಬಂದು ಒಪ್ಪಿಸುತ್ತಿದ್ದಾರೆ. ಮೊನ್ನೆ ನಮ್ಮ ಎದುರುಮನೆಯ ದೊಡ್ಡಮಲ್ಲಮ್ಮನವರು ಜಗಲಿಗೆ ಬಂದು, “ನಿಮ್ಮೋರು ಮುಂದ್ಗಡೆ ಸೀಟಲ್ಲಿ ಕೂತಿದ್ರು ಕಣಿ. ಮೊಕದ್ ತುಂಬ ನಗು. ಹತ್ತೊರ್ಸ ಚಿಕ್ಕೋರಾದಂಗ್ ಕಾಣ್ತಿದ್ರು” ಎಂದರು. ನಾನು ಅವರಿಗೆ ಮಜ್ಜಿಗೆ ಕೊಟ್ಟು ಕಳುಹಿಸಿದೆ. ಆ ಹತ್ತು ವರ್ಷಗಳು ನನ್ನ ಲೆಕ್ಕಕ್ಕೆ ಸೇರಿಕೊಂಡಂತೆ ಅಂದು ಸಂಜೆಯವರೆಗೂ ಮೊಣಕಾಲು ನೋಯುತ್ತಿತ್ತು.

ಕೊಂಡಿಯ ವಿಷಯಕ್ಕೆ ಬರುತ್ತೇನೆ. ಜೀಪಿನ ಹಿಂದೆ ಕಟ್ಟುವ ಎಳೆಬಂಡಿಗೆ ರಸ್ತೆಯ ಕಾನೂನು ಒಪ್ಪುವಂಥ ಕೊಂಡಿ ಬಿದ್ದ ಮೇಲೆಯೇ, ನಿನ್ನ ತಾಯಿಯ ಒರಳುಕಲ್ಲನ್ನು ಅದರಲ್ಲಿ ಹೇರಿಕೊಂಡು ಮನೆಗೆ ಬರುವೆನೆಂದು ನೀನು ಹಠ ಹಿಡಿದಿರುವೆ. ಅದನ್ನು ಆರಿಸುವ ಹೊಣೆಯನ್ನು ನೀಲಕಂಠ ನನ್ನ ಮೇಲೆ ಹೊರಿಸಿದ. “ಭಾವ, ಕಾನೂನು ಗೀನೂನು ಓದ್ಕಂಡಿರೋರು ನೀವೆಯ. ಪೋಲೀಸ್ನೋರು ಹಿಡೀದಂತಾದ್ದು ಒಂದ ನೋಡಿ ಕಳಿಸ್ಬುಡಿ” ಎಂದ. ಜೀಪು ಅವನದು, ಅದರಲ್ಲಿ ಕೂರುವವಳು ನೀನು, ಹುಡುಕಿಕೊಂಡು ಅಲೆಯುವವನು ನಾನು. ಈ ಏರ್ಪಾಡಿನಲ್ಲಿ ನಿಮ್ಮಿಬ್ಬರಿಗೂ ಯಾವ ಕೊರತೆಯೂ ಕಾಣಲಿಲ್ಲ.

ನಾಮಕರಣಕ್ಕೆ ಹೊರಟ ದಿನ ದಾರಿಯಲ್ಲಿ ನಡೆದುದನ್ನು ನೀನು ಬಂಧುಗಳೆದುರು ನಗುವಿನ ಪ್ರಸಂಗವಾಗಿ ಹೇಳುತ್ತಿರುವೆಯೆಂದು ಕೇಳಿದ್ದೇನೆ. ನನ್ನ ಕಡೆಯಿಂದಲೂ ಒಮ್ಮೆ ಕೇಳು. ತಮ್ಮನ ಮಗುವಿನ ನಾಮಕರಣಕ್ಕೆ ಸೋದರತ್ತೆಯಾದ ನೀನು ಕೊಡಬೇಕಾದ ತೊಟ್ಟಿಲು ಜೀಪಿನ ಹಿಂದಿನ ಆಸನವನ್ನೆಲ್ಲ ಆಕ್ರಮಿಸಿತ್ತು. ಮುಂದೆ ನೀಲಕಂಠ, ಅವನ ಪಕ್ಕದಲ್ಲಿ ನೀನು. ನನಗೆ ಉಳಿದದ್ದು ಎಳೆಬಂಡಿಯಲ್ಲಿದ್ದ ಅಕ್ಕಿಮೂಟೆಗಳ ಮೇಲಿನ ಜಾಗ. ಬದುಕೆಲ್ಲ ಎತ್ತಿನ ಗಾಡಿ ಹೂಡಿದವನು ನಿನ್ನ ತಮ್ಮ. ನೊಗದ ಭಾರ ಎತ್ತುಗಳ ಕತ್ತಿಗೆ ಬೀಳದಿರಲೆಂದು ಹೇರನ್ನು ಹಿಂದಕ್ಕೆ ಸರಿಸುವ ಅಭ್ಯಾಸದಂತೆ, ಜೀಪಿನ ಬೆನ್ನಿಗೂ ಕರುಣೆ ತೋರಿ ಮೂಟೆಗಳನ್ನೆಲ್ಲ ಬಂಡಿಯ ಹಿಂಬದಿಗೆ ಒಟ್ಟಿದ. ಅವುಗಳ ತುದಿಗೆ ನನ್ನನ್ನು ಕೂರಿಸಿದ. “ಹಿಂದಕ್ ಕೂತ್ಕಳಿ ಭಾವ, ಜೀಪ್ಗೆ ಹಗೂರಾಯ್ತದೆ” ಎಂಬುದು ಅವನ ಮಾತು. ತೆರಕಣಾಂಬಿಗೆ ಮುಂಚಿನ ಏರಿನಲ್ಲಿ ಬಂಡಿಯ ಮೂತಿ ಮೇಲಕ್ಕೆದ್ದಿತು. ಜೀಪಿಗೂ ಬಂಡಿಗೂ ಕೊಂಡಿಯೆಂದು ಕಮ್ಮಾರನು ಸುಮ್ಮನೆ ಇಳಿಬಿಟ್ಟಿದ್ದ ಕಬ್ಬಿಣದ ಗೂಟ ಕುಲುಕಿ ಕುಲುಕಿ ಹೊರಬಂತು. ನಾನು ಮೂಟೆಗಳೊಡನೆ ರಸ್ತೆಯ ಮೇಲೆ ಜಾರಿ ಕುಳಿತೆ.

ಜೀಪು ಮುಂದೆ ಹೋಯಿತು. ನಾನು ಕೂಗಲಿಲ್ಲ. ನೀನು ಹಿಂದಿರುಗಿ ನೋಡುವೆಯೆಂದು ಕಾದೆ. ನಿನ್ನ ಸೆರಗು ಗಾಳಿಗೆ ಹಾರುತ್ತಿತ್ತು. ನೀಲಕಂಠನು ಹೇಳಿದ ಯಾವುದೋ ಮಾತಿಗೆ ನೀನು ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದೆ. ತಿರುವಿನಲ್ಲಿ ನೀವು ಮರೆಯಾದಿರಿ. ನಮ್ಮ ಕಮಾನುಗಾಡಿಯಲ್ಲಿ ಸಂತೆಮರಹಳ್ಳಿಗೆ ಹೋಗಿಬಂದ ಅಷ್ಟೂ ವರ್ಷಗಳಲ್ಲಿ ನೀನು ಹಾಗೆ ನಕ್ಕದ್ದನ್ನು ನಾನು ನೆನಪಿಸಿಕೊಳ್ಳಲು ಯತ್ನಿಸಿದೆ. ರಸ್ತೆಯ ಮಧ್ಯದಲ್ಲಿ ಅಕ್ಕಿಮೂಟೆಗೆ ಒರಗಿ ಕುಳಿತವನಿಗೆ ಯೋಚಿಸಲು ಅವಕಾಶವೇನೋ ಧಾರಾಳವಾಗಿತ್ತು. ನೆನಪಾಗಲಿಲ್ಲ.

ಬಹಳ ಹೊತ್ತಿನ ಮೇಲೆ ನೀವು ಮರಳಿದಿರಿ. “ಅಯ್ಯೋ ಶಿವ್ನೆ, ಅಲ್ಲೇ ಕೂತವ್ರಲ್ಲೋ” ಎಂದು ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅದು ಗಾಬರಿಗಲ್ಲ ಎಂಬುದು ನಿನ್ನ ಹೆಗಲುಗಳಿಂದಲೇ ತಿಳಿಯುತ್ತಿತ್ತು. ನಿನ್ನ ತಮ್ಮನು ವಿವರಣೆಯನ್ನೂ ಕೊಟ್ಟ: “ತೆರಕಣಾಂಬೀಲಿ ಸೋಡ ಕುಡ್ಯಕ್ ನಿಲ್ಸೋಗಂಟ ಗೊತ್ತೇ ಆಗ್ನಿಲ್ಲ ಕಣಿ ಭಾವ. ಏನಕ್ಕಯ್ಯ, ಜೀಪು ಇದ್ದಕ್ಕಿದ್ದಂಗೆ ಏನ್ ಚೆಂದಾಗ್ ಓಡ್ತಾ ಅದೆ ಅಂದೆ. ಊಂ ಕಣಪ್ಪ ಅಂದ್ರು.” ಬಿದ್ದ ಪೆಟ್ಟು ಎರಡು ದಿನಗಳಲ್ಲಿ ಇಳಿಯಿತು. ನೀನು “ಊಂ ಕಣಪ್ಪ” ಎಂದದ್ದು ಇಳಿದಿಲ್ಲ.

ಇರಲಿ. ಇಲ್ಲಿನ ಚಿಕ್ಕಮಲ್ಲಪ್ಪನವರ ಮೋಟಾರು ಕಾರ್ಖಾನೆಗೆ ಹೋಗಿ ಅವರಲ್ಲಿದ್ದ ಕೊಂಡಿಗಳನ್ನೆಲ್ಲ ತೆಗೆಸಿ ನೋಡಿದೆ. ಗೂಟದ ಕೊಂಡಿಯನ್ನು ಮುಟ್ಟಲೂ ಇಲ್ಲ. ಕಬ್ಬಿಣದ ಗುಂಡಿನ ಮೇಲೆ ಟೊಪ್ಪಿಗೆಯಂತೆ ಕೂರುವ ಇನ್ನೊಂದು ಬಗೆಯಿದೆ. ಅಂದವಾಗಿದೆ, ಆದರೆ ನಮ್ಮ ರಸ್ತೆಯ ಹಳ್ಳದಿಣ್ಣೆಗಳಿಗೆ ಅದರ ಮೇಲೆ ನನಗೆ ಭರವಸೆ ಹುಟ್ಟಲಿಲ್ಲ. ಕೊನೆಗೆ ಯುದ್ಧಕಾಲದ್ದೊಂದನ್ನು ಹಿಡಿದು ನೋಡಿದೆ: ದಪ್ಪ ಕೊಕ್ಕೆ, ಅದರ ಮೇಲೆ ದವಡೆಯಂತೆ ಮುಚ್ಚಿಕೊಳ್ಳುವ ಅಗುಳಿ, ಅಗುಳಿ ತಾನಾಗಿ ತೆರೆಯದಂತೆ ಅಡ್ಡಕ್ಕೆ ಒಂದು ಚಿಲಕ. ಅದನ್ನು ಮುಚ್ಚಿ, ತೆರೆದು, ಕೈಯಿಂದ ಜಗ್ಗಿ, ಮತ್ತೆ ಮುಚ್ಚಿ ನೋಡುತ್ತಿದ್ದೆ. ಚಿಕ್ಕಮಲ್ಲಪ್ಪನವರು, “ಏನ್ ಸ್ವಾಮಿ, ಕೊಂಡಿ ನೋಡ್ತಿದ್ದೀರೋ, ಮಗಳ್ಗೆ ಗಂಡು ನೋಡ್ತಿದ್ದೀರೋ?” ಎಂದು ನಕ್ಕರು. ಬಿಟ್ಟುಹೋಗದಂಥದು ಬೇಕು ಎಂದೆ. ಅವರು ನಗುವುದನ್ನು ನಿಲ್ಲಿಸಿ ಎಣ್ಣೆಬಟ್ಟೆಯಿಂದ ಅದನ್ನು ಒರೆಸಿಕೊಟ್ಟರು.

ಆಮೇಲೆ, ವಾಹನಗಳನ್ನು ನೋಡಲು ಊರಿಗೆ ಬಂದಿದ್ದ ಮೋಟಾರು ತಪಾಸಣಾಧಿಕಾರಿಗಳಿಗೆ ಅದನ್ನು ತೋರಿಸಿದೆ. ಕೊಂಡಿಯನ್ನು ಒಪ್ಪಿದರು. ಅದಲ್ಲದೆ ಜೀಪಿಗೂ ಬಂಡಿಗೂ ನಡುವೆ ಪ್ರತ್ಯೇಕವಾದ ಸರಪಳಿ ಇರಬೇಕು, ಬಂಡಿಯ ಬೆನ್ನಿಗೆ ಕೆಂಪು ದೀಪವೂ ಸಂಖ್ಯೆಯ ಹಲಗೆಯೂ ಇರಬೇಕು, ಎಳೆಬಂಡಿಯಲ್ಲಿ ಮನುಷ್ಯರು ಕೂರತಕ್ಕದ್ದಲ್ಲ ಎಂದರು. ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದೆ. ಹೇಳಿದರು.

ಶಿವರುದ್ರಮ್ಮ, ಒಂದು ಕ್ಷಣ ನನಗೆ ಬೇರೆ ಆಲೋಚನೆಯೂ ಬಂದದ್ದುಂಟು. ಈ ಜೀಪಿಗೆ ಕಾನೂನು ಒಪ್ಪುವ ಕೊಂಡಿಯೇ ಸಿಗಲಿಲ್ಲವೆಂದು ಬರೆದರೆ ಮುಗಿಯಿತಲ್ಲ ಎನಿಸಿತು. ಕೊಂಡಿ ಕೂಡಿಬಂದರೆ ನಿನ್ನ ತಮ್ಮನಿಗೆ ಇನ್ನು ತಡೆಯೇ ಇಲ್ಲ. ಸಂತೆಗೊಂದು, ಹಬ್ಬಕ್ಕೊಂದು ನೆಪ ಮಾಡಿಕೊಂಡು ಬಾಗಿಲಿಗೆ ಬಂದು ಕಹಳೆ ಊದುತ್ತಾನೆ, ನೀನು ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ಹೊರಡುತ್ತೀಯೆ. ಆದರೆ ಕೊಂಡಿಯಿಲ್ಲದಿದ್ದರೆ ಒರಳುಕಲ್ಲು ಅಲ್ಲಿಯೇ ಉಳಿಯುತ್ತದೆ, ಅದರೊಡನೆ ನೀನೂ. ಅವನ ಜೀಪನ್ನು ಪೂರ್ಣಗೊಳಿಸದೆ ನನ್ನ ಮನೆ ತುಂಬುವುದಿಲ್ಲ. ಇಂಥ ಇಕ್ಕಟ್ಟಿಗೆ ಸಿಲುಕಿದವನು ಆರಿಸಿದ ಕೊಂಡಿ ಇದು ಎಂಬುದನ್ನು ಮಾತ್ರ ತಿಳಿದಿರು.

ಕೊಂಡಿಯನ್ನೂ ಸರಪಳಿಯನ್ನೂ ಈ ಪತ್ರದೊಡನೆ ನಿಮ್ಮ ಬೀದಿಯ ಮರಿಮಲ್ಲಪ್ಪನವರ ಕೈಯಲ್ಲಿ ನಾಳೆಯ ಬಸ್ಸಿಗೆ ಕಳುಹಿಸುತ್ತಿದ್ದೇನೆ. ದೀಪ, ಹಲಗೆಗಳನ್ನು ನೀಲಕಂಠನೇ ಹಾಕಿಸಿಕೊಳ್ಳಲಿ. ಒರಳುಕಲ್ಲನ್ನು ಬಂಡಿಯ ಅಚ್ಚಿಗಿಂತ ತುಸು ಮುಂದಕ್ಕೆ ಇರಿಸಬೇಕೆಂದು ಹೇಳು. ಜೀಪಿಗೆ ಕತ್ತಿಲ್ಲ, ಅದಕ್ಕೆ ಕರುಣೆ ಬೇಡ. ಶುಕ್ರವಾರ ಬೆಳಗಿನ ಬಸ್ಸಿನಲ್ಲಿ ನಾನೇ ಅಲ್ಲಿಗೆ ಬರುತ್ತೇನೆ. ತೊಟ್ಟಿಲು ಈಗ ಅವರ ಮನೆಯಲ್ಲಿರುವುದರಿಂದ ಜೀಪಿನ ಹಿಂದಿನ ಆಸನ ತೆರವಾಗಿದೆ. ಅಲ್ಲಿ ಇಬ್ಬರು ಕೂರಬಹುದು. ನೀನು ನನ್ನ ಪಕ್ಕದಲ್ಲಿ ಕುಳಿತು ಬರಬೇಕೆಂಬುದು ನನ್ನ ಅಪೇಕ್ಷೆ. ನಿನ್ನ ತಮ್ಮನ ಪಕ್ಕದಲ್ಲಿ ಅವಲಕ್ಕಿಯ ಚೀಲವನ್ನೋ ಬಾಳೆಗೊನೆಯನ್ನೋ ಇಟ್ಟುಕೊಳ್ಳಲಿ. ಅವನ ಮಾತಿಗೆ ಅವು ನಗದಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಹಿಂದೆ ಕುಳಿತರೆ ಕುಲುಕು ಹೆಚ್ಚು, ಧೂಳು ಹೆಚ್ಚು ಎಂದು ನೀನು ಹೇಳುವೆಯೆಂಬುದು ನನಗೆ ಗೊತ್ತು. ಹಾಗಾದರೆ ಮುಂದೆಯೇ ಕುಳಿತುಕೊಂಡು ಬಾ. ಬಂದರೆ ಸಾಕು. ದಾರಿಯುದ್ದಕ್ಕೂ ಅವನ ಮಾತಿಗೆ ನಗಬೇಕಾದದ್ದರಲ್ಲಿ ಅರ್ಧವನ್ನಾದರೂ ಉಳಿಸಿಕೊಂಡು ಮನೆಗೆ ತಾ.

ನಿನಗೂ, ಹೆಸರಿಟ್ಟುಕೊಂಡ ಆ ಕೂಸಿಗೂ, ನನಗೆ ಇಷ್ಟವಿಲ್ಲದಿದ್ದರೂ ನಿನ್ನ ತಮ್ಮನಿಗೂ ಶಿವನು ದೀರ್ಘಾಯುಷ್ಯವನ್ನು ಕೊಡಲಿ.

ನಿನ್ನ ದಾರಿ ಕಾಯುವ,
ಗಂಗಾಧರಸ್ವಾಮಿ